ಸ್ಪೀಡ್ ಸೊನ್ನೆ ತೋರಿಸ್ತಿದೆ, ಆರ್‌ಪಿಎಂ ಮಾತ್ರ ಕಾಣ್ತಿದೆ: ಆರ್‌15 ವೇಗ ಲೆಕ್ಕ ಹಾಕೋದು ಹೇಗೆ?

ಹಾಸನದ_ಹುಡ್ಗ
ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ 2018ರ ಯಮಹಾ ಆರ್‌15 ವಿ3 ಸೆಕೆಂಡ್ ಹ್ಯಾಂಡ್ ತಗೊಂಡೆ. ಗಾಡಿ ಬಗ್ಗೆ ತಕರಾರಿಲ್ಲ, ತಕರಾರಿರೋದು ಇಲಿ ಬಗ್ಗೆ. ಮನೆ ಹಿಂದೆ ತೆಂಗಿನಕಾಯಿ ರಾಶಿ ಹಾಕಿರೋ ಕೊಟ್ಟಿಗೇಲಿ ಗಾಡಿ ನಿಲ್ಲಿಸ್ತೀನಿ. ಮೂರು ವಾರದ ಹಿಂದೆ ಸ್ಪೀಡ್ ಸೆನ್ಸರ್ ವೈರನ್ನ ಇಲಿ ಕಡಿದು ಹಾಕಿದೆ. ಅವತ್ತಿಂದ ಡಿಸ್‌ಪ್ಲೇನಲ್ಲಿ ವೇಗ ಸೊನ್ನೆ, ಓಡಿದ ಕಿಲೋಮೀಟರೂ ಏರ್ತಿಲ್ಲ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಬರ್ತಿದೆ, ಗೇರ್ ನಂಬರ್ ಬರ್ತಿದೆ.

ದಿನಾ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಕೆಲಸಕ್ಕೆ ಓಡಾಟ. ಮೆಕ್ಯಾನಿಕ್ ಮುಂದಿನ ವಾರ ಬಾ ಅಂತಿದ್ದಾನೆ, ಹಿಂದಿನ ವಾರಾನೂ ಅದನ್ನೇ ಅಂದಿದ್ದ. ಅಲ್ಲೀವರೆಗೆ ಆರ್‌ಪಿಎಂ, ಗೇರ್ ಎರಡನ್ನೇ ನೋಡಿ ವೇಗ ಇಷ್ಟು ಅಂತ ಹೇಳೋಕಾಗುತ್ತಾ? ಆರನೇ ಗೇರ್, 6000 ಅಂದ್ರೆ ಎಷ್ಟು? ಯಾರಾದ್ರೂ ಪಟ್ಟಿ ಮಾಡಿಟ್ಟಿದ್ರೆ ಕೊಡಿ.

ಕುಡ್ಲ_ರೈಡರ್
ಮೊಬೈಲಲ್ಲಿ ಜಿಪಿಎಸ್ ಉಂಟಲ್ಲ ಮಾರಾಯ. ಹ್ಯಾಂಡಲಿಗೆ ಸಿಕ್ಕಿಸು, ಮುಗೀತು.

ಹಾಸನದ_ಹುಡ್ಗ
ಹೋಲ್ಡರ್ ಇಲ್ಲ ಬ್ರೋ, ಮೇಲಾಗಿ ಮಳೆ. ಅದೂ ಅಲ್ದೆ ಲೆಕ್ಕ ಹೇಗೆ ಅಂತ ಗೊತ್ತಾಗ್ಲೇಬೇಕು ಅನ್ನೋ ಹಠ ಬಂದ್ಬಿಟ್ಟಿದೆ.

390_ಕಿತ್ತಳೆ
ಆರ್‌15ಗೆ ಲೆಕ್ಕ ಯಾಕೆ ಗುರು. ಆರು ಗೇರಿಗೂ "ನಿಧಾನ" ಅಂತ ಬರ್ಕೊ.

ಗಣಿತ_ಮೇಷ್ಟ್ರು
ಪಟ್ಟಿ ಕೊಡ್ತೀನಿ, ಆದ್ರೆ ಹೇಗೆ ಬಂತು ಅಂತಾನೂ ಓದ್ಕೊಳ್ಳಿ. ಆಮೇಲೆ ಯಾವ ಗಾಡಿ ಕೊಟ್ರೂ ನೀವೇ ಮಾಡ್ಕೋತೀರಿ.

ಎಂಜಿನ್ ಸುತ್ತು ಹಿಂದಿನ ಚಕ್ರ ಮುಟ್ಟೋ ಮುಂಚೆ ಮೂರು ಕಡೆ ಬದಲಾಗುತ್ತೆ. ಮೊದಲು ಕ್ರ್ಯಾಂಕಿನಿಂದ (ಪಿಸ್ಟನ್ ತಿರುಗಿಸೋ ದಂಡ) ಕ್ಲಚ್ಚಿಗೆ. ಅಲ್ಲಿ 24 ಹಲ್ಲಿನದು 73 ಹಲ್ಲಿನದನ್ನ ತಿರುಗಿಸುತ್ತೆ, ಅಂದ್ರೆ 73 ಭಾಗಿಸು 24, 3.042. ಇದಕ್ಕೆ ಪ್ರೈಮರಿ ಅಂತಾರೆ. ಆಮೇಲೆ ಗೇರ್‌ಬಾಕ್ಸು. ಆರನೇ ಗೇರಲ್ಲಿ 25 ಹಲ್ಲಿನದು 21 ಹಲ್ಲಿನದನ್ನ ತಿರುಗಿಸುತ್ತೆ, 0.840. ಕೊನೇಲಿ ಚೈನು. ಮುಂದೆ 14 ಹಲ್ಲು, ಹಿಂದೆ 48, ಅಂದ್ರೆ 3.429. ಮೂರನ್ನೂ ಗುಣಿಸಿದ್ರೆ 8.76. ಚಕ್ರ ಒಂದು ಸುತ್ತು ಬರೋಕೆ ಕ್ರ್ಯಾಂಕ್ 8.76 ಸುತ್ತು ತಿರುಗಬೇಕು.

ಈಗ ಟೈರು. 140/70-17. ಅಗಲ 140 ಮಿ.ಮೀ., ಅದರ 70 ಪರ್ಸೆಂಟ್ ಗೋಡೆ ಎತ್ತರ, ಅಂದ್ರೆ 98. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ 17 ಇಂಚಿನ ರಿಮ್ಮು 431.8. ಒಟ್ಟು ವ್ಯಾಸ 627.8 ಮಿ.ಮೀ., ಸುತ್ತಳತೆ 1.97 ಮೀಟರ್.

1.97ನ್ನ 8.76ರಿಂದ ಭಾಗಿಸಿ. 22.5 ಸೆಂಟಿಮೀಟರ್ ಬರುತ್ತೆ. ಕೈ ಅಗಲಿಸಿ ನೋಡ್ಕೊಳ್ಳಿ, ಒಂದು ಗೇಣು. ಆರನೇ ಗೇರಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದ್ರೆ ಗಾಡಿ ಒಂದು ಗೇಣು ಮುಂದಕ್ಕೆ ಹೋಗುತ್ತೆ. 10,000 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ ಹತ್ತು ಸಾವಿರ ಗೇಣು, ಅಂದ್ರೆ ಎರಡೂಕಾಲು ಕಿಲೋಮೀಟರ್. ಗಂಟೆಗೆ 135. ಒಂದನೇ ಗೇರಲ್ಲಿ ಅದೇ ಒಂದು ಸುತ್ತಿಗೆ ಆರೂಮುಕ್ಕಾಲು ಸೆಂಟಿಮೀಟರೂ ಇಲ್ಲ, ನಾಲ್ಕು ಬೆರಳಿನ ಅಗಲ.

ಪ್ರತಿ ಸಾವಿರ ಆರ್‌ಪಿಎಂಗೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರ್ಕೊಳ್ಳಿ: ಒಂದನೇ ಗೇರ್ 4.0, ಎರಡು 6.1, ಮೂರು 8.3, ನಾಲ್ಕು 9.9, ಐದು 11.9, ಆರು 13.5. ನಿಮ್ಮ ಆರನೇ ಗೇರ್ 6000ಕ್ಕೆ 81.

ಹಾಸನದ_ಹುಡ್ಗ
ಸರ್, ಗೇಣಿನ ಲೆಕ್ಕ ಸೂಪರ್. ಪಟ್ಟಿ ಚೀಟೀಲಿ ಬರ್ದು ಟ್ಯಾಂಕ್ ಮೇಲೆ ಅಂಟಿಸ್ತೀನಿ.

ಹೊಸಬ_07
ನಾನೂ ಮಾಡಿದೆ. ನನ್ನ ಲೆಕ್ಕದಲ್ಲಿ ಆರ್‌15 ಗಂಟೆಗೆ 411 ಹೋಗ್ತಿದೆ. ಎಲ್ಲಿ ತಪ್ಪಿದೆ?

ಗಣಿತ_ಮೇಷ್ಟ್ರು
ಪ್ರೈಮರಿ ಬಿಟ್ಟಿದ್ದೀರಿ. ಗೇರೂ ಚೈನೂ ಮಾತ್ರ ಗುಣಿಸಿದ್ರೆ ಉತ್ತರ ಮೂರು ಪಟ್ಟು ಬರುತ್ತೆ. ತುಂಬಾ ಜನ ಇಲ್ಲೇ ಜಾರಿ ಬೀಳೋದು.

390_ಕಿತ್ತಳೆ
411ಕ್ಕೆ ಎಚ್‌ಎಎಲ್ ರನ್‌ವೇ ಬುಕ್ ಮಾಡು ಮಗಾ.

ಮಲ್ಲೇಶ್ವರಂ_ಮಸಾಲೆ
ನಂಗೆ 93 ಬಂತು.

ಗಣಿತ_ಮೇಷ್ಟ್ರು
ನೀವು 17 ಇಂಚನ್ನೇ ಟೈರಿನ ವ್ಯಾಸ ಅಂದ್ಕೊಂಡಿದ್ದೀರಿ. ಅದು ರಿಮ್ಮಿನದು. ರಬ್ಬರೂ ಸೇರಿಸಿ.

ಮಲ್ಲೇಶ್ವರಂ_ಮಸಾಲೆ
ಹೌದು ಸರ್. ಮರ್ಯಾದೆ ಹೋಯ್ತು.

390_ಕಿತ್ತಳೆ
ತಮಾಷೆ ಸಾಕು, ನಮ್ಮದೂ ಹಾಕ್ತೀನಿ. ಮೊದಲ ತಲೆಮಾರಿನ ಕೆಟಿಎಂ ಡ್ಯೂಕ್ 390: ಪ್ರೈಮರಿ 30:80, ಆರನೇ ಗೇರ್ 25:21, ಚೈನು 15:45, ಟೈರು 150/60-17. ಸಾವಿರಕ್ಕೆ 17.2. ಹತ್ತು ಸಾವಿರಕ್ಕೆ 172. ಒಂದು ಸುತ್ತಿಗೆ 28 ಸೆಂಟಿಮೀಟರ್‌ಗಿಂತ ಜಾಸ್ತಿ. ನಮ್ಮ ಗೇಣು ದೊಡ್ಡದು.

ಲೇಟ್_ಬ್ರೇಕ್
ಗೇಣು ದೊಡ್ಡದಿದ್ರೆ ಸಾಲದು, ಎಳೆಯೋಕೆ ತಾಕತ್ತೂ ಬೇಕು. ಈ ಲೆಕ್ಕ ಹೇಳೋದು ಇಷ್ಟೇ: ಆರ್‌ಪಿಎಂ ಇಷ್ಟಿದ್ರೆ ವೇಗ ಇಷ್ಟು. ಆ ಆರ್‌ಪಿಎಂ ಆ ಗೇರಲ್ಲಿ ಮುಟ್ಟುತ್ತಾ ಅನ್ನೋದನ್ನ ಗಾಳಿ ತೀರ್ಮಾನ ಮಾಡುತ್ತೆ. ವೇಗ ದುಪ್ಪಟ್ಟಾದ್ರೆ ಗಾಳಿ ತಡೆ ನಾಲ್ಕು ಪಟ್ಟು, ಅದನ್ನ ಸೀಳೋಕೆ ಬೇಕಾದ ಪವರ್ ಎಂಟು ಪಟ್ಟು. ಎದುರುಗಾಳೀಲಿ ನೆಟ್ಟಗೆ ಕೂತ್ರೆ ನಿನ್ನ ಕಿತ್ತಳೆ ಗಾಡಿ 172 ನೋಡಲ್ಲ.

390_ಕಿತ್ತಳೆ
ನಾನು ಬಗ್ಗಿ ಕೂರ್ತೀನಿ.

ಲೇಟ್_ಬ್ರೇಕ್
ನಿನ್ನ ಹೊಟ್ಟೆ ಬಿಡಲ್ಲ, ಫೋಟೋ ನೋಡಿದ್ದೀನಿ.

ಧಾರವಾಡ_ಪೇಡೆ
ಅಣ್ಣಾರ, ನಂದು ವಿ2 ಐತಿ. ಅದಕ್ಕೂ ಇದ ಪಟ್ಟಿ ನಡೀತೈತೇನ್ರಿ?

ಗಣಿತ_ಮೇಷ್ಟ್ರು
ನಡೆಯಲ್ಲ. ಪ್ರೈಮರಿ, ಗೇರ್‌ಬಾಕ್ಸ್ ಎರಡೂ ಅದೇ, ಆದ್ರೆ ವಿ2 ಚೈನು 15:47, ಹಿಂದಿನ ಟೈರು 130/70-17. ಸಾವಿರಕ್ಕೆ ಆರನೇದರಲ್ಲಿ 14.5. ಟೈರು ಚಿಕ್ಕದಾದ್ರೂ ಸ್ಪ್ರಾಕೆಟ್ಟಿಂದಾಗಿ (ಚೈನ್ ಕೂರೋ ಹಲ್ಲುಚಕ್ರ) ಅದರ ಹೆಜ್ಜೆ, ಅಂದ್ರೆ ಒಂದು ಸುತ್ತಿಗೆ ಹೋಗೋ ದೂರ, ಉದ್ದ. ವಿ3ರಲ್ಲಿ ಹೆಜ್ಜೆ ಚಿಕ್ಕದು ಮಾಡಿದ್ದಾರೆ, ಎಂಜಿನ್ನು ಮೇಲಿನ ಆರ್‌ಪಿಎಂವರೆಗೂ ಓಡುತ್ತೆ.

ಧಾರವಾಡ_ಪೇಡೆ
ಛಲೋ ಆತ್ರಿ. ನಮ್ಮ ತಮ್ಮನ ವಿ3 ಮುಂದ 6000ಕ್ಕ ನಾನs ಮುಂದ ಇರ್ತೇನಿ ಅಂತ ಹೇಳಾಕ ಒಂದ್ ಆಧಾರ ಸಿಕ್ತು.

ಸ್ಕೂಟಿ_ಅಕ್ಕ
ಸ್ಕೂಟರ್‌ಗೆ ಈ ಥರ ಪಟ್ಟಿ ಮಾಡ್ಬಹುದಾ?

ಲೇಟ್_ಬ್ರೇಕ್
ಆಗಲ್ಲ ಅಕ್ಕ. ಅಲ್ಲಿ ಗೇರಿನ ಬದಲು ಬೆಲ್ಟು. ಪುಲ್ಲಿ ಹಿಗ್ಗಿ ಕುಗ್ಗಿ ರೇಶಿಯೋ ಓಡ್ತಾ ಓಡ್ತಾನೇ ಬದಲಾಗುತ್ತೆ. ಎಂಜಿನ್ ಸದ್ದು ಒಂದೇ ಇರುತ್ತೆ, ವೇಗ ಮಾತ್ರ ಏರ್ತಾ ಹೋಗುತ್ತೆ, ಗಮನಿಸಿರ್ತೀರಿ.

ಯೆಜ್ಡಿ_ಮಾಮ
ಇಷ್ಟೆಲ್ಲ ಯಾಕಪ್ಪಾ ಮಕ್ಕಳಾ. ನನ್ನ ಗಾಡೀಲಿ ಆರ್‌ಪಿಎಂ ಮೀಟರೇ ಇರ್ಲಿಲ್ಲ. ಸ್ಪೀಡೋ ಕೇಬಲ್ ತುಂಡಾಗಿ ನಾಲ್ಕು ವರ್ಷ ಓಡಿಸಿದೀನಿ. ಮೈಸೂರು ಯಾದವಗಿರಿಯಿಂದ ಬಂದ ಗಾಡಿ, ಸದ್ದಲ್ಲೇ ಎಲ್ಲ ಗೊತ್ತಾಗೋದು. ಕಿಕ್ ಹೊಡೆಯೋ ಲಿವರ್ರೇ ಮಡಚಿದ್ರೆ ಗೇರ್ ಲಿವರ್ರು, ಅಂಥಾ ಗಾಡಿ ಓಡಿಸಿದ್ದೀರಾ ಯಾರಾದ್ರೂ?

ಕುಡ್ಲ_ರೈಡರ್
ಮಾಮ ಬಂದ್ರು. ಇನ್ನು ಹತ್ತು ಪೋಸ್ಟ್ ಯೆಜ್ಡಿಯೇ.

ಯೆಜ್ಡಿ_ಮಾಮ
ಹತ್ತಲ್ಲ, ಇಪ್ಪತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಇಡೀ ಊರಿಗೆ ಸೂತಕ ಬಂದ ಹಾಗಿತ್ತು, ನಿಮಗೇನು ಗೊತ್ತು.

ಶ್ರುತಿಪೆಟ್ಟಿಗೆ
ಮಾಮ ಹೇಳಿದ್ದರಲ್ಲಿ ನಿಜ ಇದೆ. ಸದ್ದಿಂದಾನೇ ಆರ್‌ಪಿಎಂ ಹೇಳಬಹುದು. ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತೆ. ಹಾಗಾಗಿ ಸೈಲೆನ್ಸರ್ ಸದ್ದಿನ ಮೂಲ ಆವರ್ತನ ಆರ್‌ಪಿಎಂ ಭಾಗಿಸು 120. ಒಂದು ಮನೆ ಶ್ರುತಿ ಅಂದ್ರೆ ಸ 130.8 ಹರ್ಟ್ಸ್, ಅದರ ಮಂದ್ರ ಷಡ್ಜ, ಅಂದ್ರೆ ಒಂದು ಸ್ಥಾಯಿ ಕೆಳಗಿನ ಸ, 65.4. ಅದನ್ನ 120ರಿಂದ ಗುಣಿಸಿದ್ರೆ ಸುಮಾರು 7850. ಅಂದ್ರೆ ಆರ್‌15 7850 ಆರ್‌ಪಿಎಂನಲ್ಲಿ ಸರಿಯಾಗಿ ಮಂದ್ರ ಷಡ್ಜ ಹಿಡೀತಿರುತ್ತೆ. ವಿವಿಎ (ಆರ್‌ಪಿಎಂ ಏರಿದಾಗ ವಾಲ್ವ್ ತೆರೆಯೋ ರೀತಿ ಬದಲಾಯಿಸೋ ವ್ಯವಸ್ಥೆ) ಬದಲಾಗೋದು 7400ಕ್ಕೆ, ಅದು ಅರ್ಧ ಸ್ವರ ಕೆಳಗೆ, ಕಾಕಲಿ ನಿಷಾದ.

ಇನ್ನೂ ಮಜಾ ಇದೆ. ಮೇಷ್ಟ್ರ ಥರಾನೇ ಆರ್‌15ನ ಎಲ್ಲ ಗೇರ್ ರೇಶಿಯೋ ತಗೊಂಡು ನೋಡಿದೆ. ಒಂದನೇದು 2.833, ಎರಡನೇದು 1.875. ಭಾಗಿಸಿದ್ರೆ 1.51. ಪಂಚಮ ಅಂದ್ರೆ 1.5! ಒಂದರಿಂದ ಎರಡಕ್ಕೆ ಹಾಕಿದಾಗ ಗಾಡಿ ಪ ಇಂದ ಸ ಗೆ ಇಳಿಯುತ್ತೆ. ಮೂರರಿಂದ ನಾಲ್ಕು, ನಾಲ್ಕರಿಂದ ಐದು ಎರಡೂ 1.19, ಸಾಧಾರಣ ಗಾಂಧಾರದಿಂದ ಸ ಗೆ. ಐದರಿಂದ ಆರು 1.14, ಚತುಶ್ರುತಿ ರಿಷಭದ ಹತ್ತಿರ. ಎರಡರಿಂದ ಮೂರು ಮಾತ್ರ ಅಪಸ್ವರ, ಎರಡು ಮಧ್ಯಮಗಳ ನಡುವೆ ಎಲ್ಲೋ ಬೀಳುತ್ತೆ.

ಧಾರವಾಡ_ಪೇಡೆ
ಏನ್ರಿ ಇದು, ಬೈಕ್ ಐತೋ ತಂಬೂರಿ ಐತೋ! ನಮ್ ಕಡೆ ಅದಕ್ಕ ಕೋಮಲ ಗಂಧಾರ, ಶುದ್ಧ ರಿಷಭ ಅಂತಾರ್ರಿ. ಹೆಸರು ಸರಿ ಮಾಡ್ಕೊಳ್ರಿ.

ಶ್ರುತಿಪೆಟ್ಟಿಗೆ
ಹೆಸರು ಬೇರೆ, ಸ್ವರ ಅದೇ ಅಲ್ವಾ ಸಾಹೇಬ್ರೇ. ನೀವು ಹಿಂದೂಸ್ತಾನಿ ಗೇರ್ ಹಾಕಿ, ನಾನು ಕರ್ನಾಟಕ ಗೇರ್ ಹಾಕ್ತೀನಿ.

ಯೆಜ್ಡಿ_ಮಾಮ
ಒಂದು ತಿದ್ದುಪಡಿ. 120 ಫೋರ್ ಸ್ಟ್ರೋಕಿಗೆ. ನಮ್ಮ ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತೆ, ಹಾಗಾಗಿ 60. ರಾಜ್‌ದೂತ್ 350 ಆದ್ರೆ ಎರಡು ಸಿಲಿಂಡರ್ ಸರದಿ ಪ್ರಕಾರ ಉರಿಯುತ್ತೆ, ಅದಕ್ಕೆ 30. ಸಂಗೀತ ಗೊತ್ತಿಲ್ದೆ ಇರಬಹುದು, ಇಷ್ಟಾದ್ರೂ ಗೊತ್ತು.

ಶ್ರುತಿಪೆಟ್ಟಿಗೆ
ಶರಣು ಮಾಮ. ಒಪ್ಪಿದೆ.

ಲೇಟ್_ಬ್ರೇಕ್
ಸಂಗೀತ ಕಛೇರಿ ಮುಗಿದಿದ್ರೆ ಒಂದು ಕೆಲಸದ ಮಾತು. ಅದೇ ರೇಶಿಯೋ ಇಟ್ಕೊಂಡು ಗೇರ್ ಯಾವಾಗ ಬದಲಾಯಿಸಬೇಕು ಅಂತಾನೂ ಗೊತ್ತಾಗುತ್ತೆ. 10,000ದಲ್ಲಿ ಒಂದರಿಂದ ಎರಡಕ್ಕೆ ಹಾಕಿದ್ರೆ 6600ಕ್ಕೆ ಬೀಳುತ್ತೆ, ವಿವಿಎ ಬದಲಾಗೋ 7400ರ ಕೆಳಗೆ. ಎರಡರಿಂದ ಮೂರಕ್ಕೆ 7270, ಇನ್ನೂ ಕೂದಲೆಳೆಯಷ್ಟು ಕಮ್ಮಿ. ಮೂರರಿಂದ ನಾಲ್ಕಕ್ಕೆ 8380, ಆಮೇಲೆ ಎಲ್ಲ ಮೇಲೇ. ವಿ3 ಓಡಿಸೋರು "ಎರಡರಿಂದ ಮೂರಕ್ಕೆ ಹಾಕಿದಾಗ ಕ್ಷಣಕಾಲ ಮಂಕಾಗುತ್ತೆ" ಅಂತಾರಲ್ಲ, ಅದಕ್ಕೆ ಇದೇ ಕಾರಣ. 10,200 ಹತ್ರ ಎಳೆದು ಹಾಕಿ ನೋಡಿ, ಮಂಕು ಇರಲ್ಲ. ರೋಡಲ್ಲಿ ಮಾತ್ರ ಬೇಡ.

ಹಾಸನದ_ಹುಡ್ಗ
ಒಂದು ವಿಚಿತ್ರ ಆಯ್ತು. ಇವತ್ತು ಬೆಳಿಗ್ಗೆ ಆರಕ್ಕೆ ಫ್ರೆಂಡ್‌ನ ಹಿಂದೆ ಕೂರಿಸ್ಕೊಂಡು ಹೈವೇಲಿ ನೇರ ಇರೋ ಕಡೆ ಹೋದೆ. ನಾನು ಆರ್‌ಪಿಎಂ ಕೂಗೋದು, ಅವನು ಮೊಬೈಲ್ ಜಿಪಿಎಸ್ ನೋಡಿ ಬರ್ಕೊಳ್ಳೋದು. ಬಂದಿದ್ದು ಹೀಗೆ:

ನಾಲ್ಕನೇ ಗೇರ್, 6000: 54. ಮೇಷ್ಟ್ರ ಪಟ್ಟಿ ಪ್ರಕಾರ 60 ಇರ್ಬೇಕು.
ಐದನೇ ಗೇರ್, 6000: 65. ಪಟ್ಟಿ 71.
ಆರನೇ ಗೇರ್, 6000: 74. ಪಟ್ಟಿ 81.
ಆರನೇ ಗೇರ್, 8000: 98. ಪಟ್ಟಿ 108.

ಎಲ್ಲಾ ಕಡೆ ಕಮ್ಮಿ. ಮೇಷ್ಟ್ರೇ, ಲೆಕ್ಕ ತಪ್ಪಾ?

390_ಕಿತ್ತಳೆ
ಲೆಕ್ಕ ಸರಿ ಇದೆ, ಆರ್‌15 ತಪ್ಪು.

ಕುಡ್ಲ_ರೈಡರ್
98 ಯಾಕೆ ಹೋದದ್ದು? ಟೂ ವೀಲರಿಗೆ ನಾಲ್ಕು ಪಥದ ಹೈವೇಯಲ್ಲಿ 80 ಅಲ್ವಾ ಮಿತಿ?

ಹಾಸನದ_ಹುಡ್ಗ
ಒಂದೇ ಸಲ, ನಾಲ್ಕೇ ಸೆಕೆಂಡ್. ತಪ್ಪಾಯ್ತು.

ಮಲ್ಲೇಶ್ವರಂ_ಮಸಾಲೆ
ಟೆಸ್ಟ್ ಮಾಡೋಕೆ ಮೈಸೂರು ಎಕ್ಸ್‌ಪ್ರೆಸ್‌ವೇ ಒಳ್ಳೇದು, ನೇರ ಇದೆ.

ಲೇಟ್_ಬ್ರೇಕ್
ಅಲ್ಲಿ ಬೈಕ್ ಬಿಡಲ್ಲ ಮಸಾಲೆ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಟೂ ವೀಲರ್ ಬಂದ್. ಸರ್ವಿಸ್ ರಸ್ತೇಲಿ ಟೆಸ್ಟ್ ಮಾಡಿದ್ರೆ ಎರಡನೇ ಗೇರ್ ದಾಟಲ್ಲ.

ಕುಡ್ಲ_ರೈಡರ್
ಹುಡುಗನ ವಿಷಯಕ್ಕೆ ಬರುವ. ಟೈರ್ ಸವೆದಿರ್ಬೇಕು. ಸವೆದ ಟೈರಿನ ಸುತ್ತಳತೆ ಕಮ್ಮಿ. ಗಾಳಿ ಕಮ್ಮಿ ಇದ್ರೂ ಹಾಗೇ. ಮತ್ತೆ ಹಿಂದೆ ಒಂದು ಜನ ಕೂತದ್ದು ಬೇರೆ.

ಗಣಿತ_ಮೇಷ್ಟ್ರು
ಅದೂ ಸೇರುತ್ತೆ, ಆದ್ರೆ ಅಷ್ಟೇ ಸಾಲದು. ನಾಲ್ಕು ಅಂಕಿಗಳನ್ನೂ ಭಾಗಿಸಿ ನೋಡಿದೆ, ಎಲ್ಲ ಕಡೆ 9 ಪರ್ಸೆಂಟ್ ಆಸುಪಾಸಿನ ಕೊರತೆ. ಟೈರು ಒಂದೇ ಅಷ್ಟು ಕಮ್ಮಿ ಮಾಡ್ಬೇಕಾದ್ರೆ ವ್ಯಾಸ 56 ಮಿ.ಮೀ. ಕುಗ್ಗಬೇಕು, ಅಂದ್ರೆ ಸುತ್ತಲೂ 28 ಮಿ.ಮೀ. ರಬ್ಬರ್ ಸವೀಬೇಕು. ಅಷ್ಟು ರಬ್ಬರ್ ಹೊಸ ಟೈರಲ್ಲೂ ಇರಲ್ಲ. ಸವೆತ, ಭಾರಕ್ಕೆ ಅಮುಕೋದು ಎಲ್ಲ ಸೇರಿ ಎರಡು ಮೂರು ಪರ್ಸೆಂಟ್ ಅಂತ ಇಟ್ಕೊಳ್ಳಿ. ಉಳಿದಿದ್ದು ಎಲ್ಲಿ ಹೋಯ್ತು?

ಬೋಲ್ಟ್_ನಟ್
ಕ್ಲಚ್ ಜಾರ್ತಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ಮೇಲೆ ಕ್ಲಚ್ ಪ್ಲೇಟ್ ಹೋಗಿರೋದೇ. ನಾಲ್ಕೈದು ಸಾವಿರ ಎತ್ತಿಟ್ಕೊ.

ಹಾಸನದ_ಹುಡ್ಗ
ಅಯ್ಯೋ.

ಲೇಟ್_ಬ್ರೇಕ್
ಹೆದರಿಸಬೇಡ ನಟ್ಟು. ಕ್ಲಚ್ ಜಾರಿದ್ರೆ ಕೊರತೆ ಎಲ್ಲ ಕಡೆ ಒಂದೇ ಥರ ಬರಲ್ಲ. ಥ್ರಾಟಲ್ ಪೂರ್ತಿ ತಿರುವಿದಾಗ, ಏರು ಹತ್ತುವಾಗ ಜಾಸ್ತಿ ಜಾರುತ್ತೆ, ಸಮ ರಸ್ತೇಲಿ ಸುಮ್ನೆ ಹೋಗ್ತಿದ್ರೆ ಜಾರಲ್ಲ. ಆರ್‌ಪಿಎಂ ಒಮ್ಮೆಲೇ ಜಿಗಿದು ವೇಗ ಹಿಂದೆ ಉಳಿಯುತ್ತೆ. ಇವನ ಅಂಕಿ ನೋಡಿದ್ರೆ ನಾಲ್ಕನೇ ಗೇರಿಂದ ಆರನೇವರೆಗೆ, 6000ದಲ್ಲೂ 8000ದಲ್ಲೂ ಅದೇ 9. ಜಾರೋದಕ್ಕೆ ಇಷ್ಟು ಶಿಸ್ತು ಇರಲ್ಲ. ಇದು ಹಲ್ಲಿನ ಕೆಲಸ. ಎಲ್ಲ ಗೇರಿಗೂ ಸಮನಾಗಿ ಬಿದ್ದಿದೆ ಅಂದ್ರೆ ಗೇರ್‌ಬಾಕ್ಸಿನ ಆಚೆ, ಚೈನಲ್ಲಿ.

ಪ್ಯಾಡಾಕ್_ಸ್ಟ್ಯಾಂಡ್
ಇದನ್ನೇ ಹೇಳೋಕೆ ಬಂದೆ. ಮುಂದಿನ ಸ್ಪ್ರಾಕೆಟ್ 13 ಹಾಕಿದ್ದಾರೆ ಅಂತ ಕಾಣುತ್ತೆ. 13 ಭಾಗಿಸು 14 ಅಂದ್ರೆ 7.1 ಪರ್ಸೆಂಟ್ ಕಮ್ಮಿ. ಜೊತೆಗೆ ಟೈರಿನ ಎರಡು ಪರ್ಸೆಂಟ್ ಸೇರ್ಸಿ, 9. ತಾಳೆ ಆಯ್ತು. ಹಿಂದೆ 52 ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಮುಂದೆ ಒಂದು ಹಲ್ಲು ತೆಗೆಯೋದೂ ಹಿಂದೆ ನಾಲ್ಕು ಹಲ್ಲು ಸೇರ್ಸೋದೂ ಒಂದೇ.

ನಾವು ಟ್ರ್ಯಾಕಿಗೆ ಹೋಗುವಾಗ ಇದನ್ನೇ ಮಾಡ್ತೀವಿ. ಚೆನ್ನೈ ಹತ್ರದ ಇರುಂಗಾಟ್ಟುಕೋಟೈಗೆ ಒಂದು ಹಿಂದಿನ ಸ್ಪ್ರಾಕೆಟ್, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಇನ್ನೊಂದು. ಕರಿ ಚಿಕ್ಕ ಟ್ರ್ಯಾಕು, ಅಲ್ಲಿ ಉದ್ದ ಹೆಜ್ಜೆ ಇಟ್ಕೊಂಡ್ರೆ ಆರನೇ ಗೇರ್ ಹಾಕೋ ಹೊತ್ತಿಗೆ ತಿರುವು ಬಂದಿರುತ್ತೆ. ಉದ್ದ ನೇರದ ಕೊನೇಲಿ, ಬ್ರೇಕ್ ಹಿಡಿಯೋ ಮುಂಚೆ, ಮೇಲಿನ ಗೇರಲ್ಲಿ ಆರ್‌ಪಿಎಂ ಪವರ್ ತುದಿ ಹತ್ರ ಬರ್ಬೇಕು. ಬರದೇ ಇದ್ರೆ ಹಿಂದೆ ಹಲ್ಲು ಸೇರ್ಸು, ಮುಂಚೇನೇ ಬಂದು ಕಿರುಚ್ತಾ ಇದ್ರೆ ತೆಗಿ. ರಾತ್ರಿ ಇಡೀ ಇದೇ ಪಂಚಾಯ್ತಿ.

ಬೋಲ್ಟ್_ನಟ್
ಒಪ್ಪಲ್ಲ. ಜಿಪಿಎಸ್ಸೇ ತಪ್ಪಿರಬಹುದು.

ಗಣಿತ_ಮೇಷ್ಟ್ರು
ಮರದ ಕೆಳಗೆ, ಘಾಟಿ ತಿರುವಲ್ಲಿ, ವೇಗ ಏರಿಸ್ತಾ ಇಳಿಸ್ತಾ ಇರುವಾಗ ಜಿಪಿಎಸ್ ತಡವಾಗಿ ತೋರಿಸುತ್ತೆ, ನಿಜ. ಬಯಲಲ್ಲಿ ನೇರ ರಸ್ತೇಲಿ ಒಂದೇ ವೇಗ ಹಿಡ್ಕೊಂಡ್ರೆ 9 ಪರ್ಸೆಂಟ್ ತಪ್ಪಲ್ಲ. ಗಾಡಿ ಮೀಟರ್‌ಗಳೇ ಜಾಸ್ತಿ ತಪ್ಪೋದು. ಕಮ್ಮಿ ತೋರಿಸಬಾರದು ಅನ್ನೋ ನಿಯಮ ಇರೋದ್ರಿಂದ ಕಂಪನಿಯವರು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಮಾಡಿರ್ತಾರೆ. 150 ಹೊಡೆದೆ, 155 ಹೊಡೆದೆ ಅನ್ನೋ ವಿಡಿಯೋಗಳೆಲ್ಲ ಆ ಕೃಪೆಯಿಂದಾನೇ.

390_ಕಿತ್ತಳೆ
ನನ್ನ ಹೆಸರು ಹೇಳದೇ ಇದ್ದಿದ್ದಕ್ಕೆ ಥ್ಯಾಂಕ್ಸ್ ಸರ್.

ಹಾಸನದ_ಹುಡ್ಗ
ಹಲ್ಲು ಎಣಿಸೋದು ಹೇಗೆ? ಮುಂದಿಂದು ಕವರ್ ಒಳಗಿದೆ.

ಪ್ಯಾಡಾಕ್_ಸ್ಟ್ಯಾಂಡ್
ಹಿಂದಿಂದು ಕಣ್ಣಿಗೆ ಕಾಣುತ್ತೆ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಎಣಿಸು, ಇಲ್ಲಾಂದ್ರೆ ಎಣಿಸಿದ್ದನ್ನೇ ಎಣಿಸ್ತೀಯ. ಮುಂದಿಂದಕ್ಕೆ ಎಡಗಡೆ ಕವರ್ ಬೋಲ್ಟ್ ಬಿಚ್ಚು. ಎಂಜಿನ್ ಆಫ್ ಇರ್ಲಿ, ಕೀ ಜೇಬಲ್ಲಿರ್ಲಿ. ಸ್ಟ್ಯಾಂಡ್ ಮೇಲೆ ಎಂಜಿನ್ ಓಡಿಸ್ಕೊಂಡು ಚೈನ್ ಒರೆಸೋಕೆ ಹೋಗಿ ಬೆರಳು ಕಳ್ಕೊಂಡೋರು ನಮ್ಮ ಗುಂಪಲ್ಲೇ ಇದ್ದಾರೆ.

ಯೆಜ್ಡಿ_ಮಾಮ
ಇದೊಂದು ಮಾತು ಎಲ್ಲರೂ ಎರಡು ಸಲ ಓದಿ.

ಸ್ಕೂಟಿ_ಅಕ್ಕ
ಅಲ್ಲ, ಮೀಟರ್ ನಿಂತು ಮೂರು ವಾರ ಆಯ್ತು ಅಂದ್ರೆ ಓಡಿದ ಕಿಲೋಮೀಟರ್ ಲೆಕ್ಕ ಇಲ್ಲ ಅಲ್ವಾ? ಆಯಿಲ್ ಚೇಂಜ್ ಯಾವಾಗ ಮಾಡ್ತೀಯಪ್ಪ?

ಹಾಸನದ_ಹುಡ್ಗ
ಪೆಟ್ರೋಲ್ ಲೆಕ್ಕದಲ್ಲಿ ಅಕ್ಕ. 11 ಲೀಟರ್ ಟ್ಯಾಂಕು, ಲೀಟರಿಗೆ 45 ಅಂತ ಹಿಡಿದಿದ್ದೀನಿ. ಪ್ರತಿ ಸಲ ಎಷ್ಟು ಹಾಕಿಸಿದೆ ಅಂತ ಗೋಡೇಲಿ ಬರೀತೀನಿ, ಅಮ್ಮ ಹಾಲಿನ ಲೆಕ್ಕ ಬರೆಯೋ ಜಾಗದ ಪಕ್ಕ.

ಬೋಲ್ಟ್_ನಟ್
ಕೊಟ್ಟೋನು ಎಷ್ಟು ಓಡಿದೆ ಅಂದಿದ್ದ?

ಹಾಸನದ_ಹುಡ್ಗ
21,000.

ಬೋಲ್ಟ್_ನಟ್
ಅವನಿಗೂ ಇಲಿ ಇತ್ತೇನೋ.

ಹಾಸನದ_ಹುಡ್ಗ
ಅಪ್‌ಡೇಟ್. ಎಣಿಸಿದೆ. ಹಿಂದೆ 48. ಮುಂದೆ 13! ಮೂರು ಸಲ ಎಣಿಸಿದೆ, ಅಪ್ಪನ ಕೈಲೂ ಎಣಿಸಿದೆ. ಸ್ಪ್ರಾಕೆಟ್ ಮೇಲೆ 13 ಅಂತ ಕೊರೆದೂ ಇತ್ತು, ಗ್ರೀಸ್ ಒರೆಸಿದ ಮೇಲೆ ಕಾಣಿಸ್ತು. ಮೊದಲೇ ಒರೆಸಿದ್ರೆ ಎಣಿಸೋದೇ ಬೇಡವಾಗಿತ್ತು.

ಗಾಡಿ ಕೊಟ್ಟೋರಿಗೆ ಫೋನ್ ಮಾಡಿದೆ. "ಓ, ಅದಾ. ನಮ್ಮದು ಕಾಫಿ ತೋಟ ಅಲ್ವಾ, ಏರಲ್ಲಿ ಎಳೀಲಿ ಅಂತ ಹಾಕಿಸಿದ್ದೆ, ಹೇಳೋಕೆ ಮರೆತೆ" ಅಂದ್ರು. ಕೋಪ ಮಾಡ್ಕೊಳ್ಳೋಕೂ ಆಗ್ಲಿಲ್ಲ, ಅವರ ದನಿ ಅಷ್ಟು ಸಮಾಧಾನವಾಗಿತ್ತು.

ಲೇಟ್_ಬ್ರೇಕ್
ಬರೀ ಆರ್‌ಪಿಎಂ, ಜಿಪಿಎಸ್ ಇಟ್ಕೊಂಡು ಗಾಡಿ ಬಿಚ್ಚದೇ ಸ್ಪ್ರಾಕೆಟ್ ಹಿಡಿದ್ರಲ್ಲ ಪ್ಯಾಡಾಕ್. ಸಲಾಂ.

ಬೋಲ್ಟ್_ನಟ್
ಸರಿ, ಕ್ಲಚ್ ಮಾತು ವಾಪಸ್ ತಗೊಂಡೆ.

ಗಣಿತ_ಮೇಷ್ಟ್ರು
ಹಾಗಾದ್ರೆ ಚೀಟಿ ಬದಲಾಯಿಸಿ. ನಿಮ್ಮ ಗಾಡಿಯ ಗೇಣು 22.5 ಅಲ್ಲ, ಲೆಕ್ಕಕ್ಕೆ 20.9. ನೀವು ಅಳೆದಿದ್ದನ್ನೇ ನಂಬೋದಾದ್ರೆ ಸಾವಿರಕ್ಕೆ ಆರನೇದರಲ್ಲಿ 12.3, ಐದನೇದರಲ್ಲಿ 10.8, ನಾಲ್ಕನೇದರಲ್ಲಿ 9.0. ಒಬ್ಬರೇ ಓಡಿಸಿದಾಗ ಕೂದಲೆಳೆ ಜಾಸ್ತಿ ಬರಬಹುದು. ಆರನೇ ಗೇರಲ್ಲಿ 6500 ದಾಟಬೇಡಿ, ಅಲ್ಲಿಗೆ 80.

ಕುಡ್ಲ_ರೈಡರ್
ಈಗ 14 ಹಾಕಿಸ್ತೀಯಾ, 13 ಇಟ್ಕೊಳ್ತೀಯಾ?

ಹಾಸನದ_ಹುಡ್ಗ
ಅದೇ ಗೊಂದಲ. ಹೈವೇಲಿ 80ಕ್ಕೆ ಸುಮಾರು 600 ಆರ್‌ಪಿಎಂ ಜಾಸ್ತಿ ಓಡ್ತಿದೆ, ಪೆಟ್ರೋಲ್ ಕುಡಿಯುತ್ತೆ. ಆದ್ರೆ ಮೊನ್ನೆ ಸಕಲೇಶಪುರದಿಂದ ಬಿಸಿಲೆ ಕಡೆ ಹೋದಾಗ ಮೂರನೇ ಗೇರಲ್ಲೇ ಎಲ್ಲ ಏರೂ ಹತ್ತಿತ್ತು. ಫ್ರೆಂಡ್‌ನ ವಿ3 ಪದೇ ಪದೇ ಎರಡಕ್ಕೆ ಇಳೀತಿತ್ತು. ಆಗ ನಾನು ಚೆನ್ನಾಗಿ ಓಡಿಸ್ತೀನಿ ಅಂದ್ಕೊಂಡಿದ್ದೆ.

ಪ್ಯಾಡಾಕ್_ಸ್ಟ್ಯಾಂಡ್
ಮುಂದೆ ಚಿಕ್ಕ ಸ್ಪ್ರಾಕೆಟ್ ಇದ್ರೆ ಚೈನು ಜಾಸ್ತಿ ಬಗ್ಗುತ್ತೆ, ಬೇಗ ಸವೆಯುತ್ತೆ. ಘಾಟಿಗೇ ಬೇಕು ಅಂದ್ರೆ ಮುಂದೆ 14 ವಾಪಸ್ ಹಾಕಿ, ಹಿಂದೆ ಒಂದೆರಡು ಹಲ್ಲು ಸೇರ್ಸು. ಚೈನ್ ಉದ್ದ ಸಾಕಾಗುತ್ತಾ ನೋಡ್ಕೊ.

ಧಾರವಾಡ_ಪೇಡೆ
ಶ್ರುತಿಪೆಟ್ಟಿಗೆಯವರ, ಸ್ಪ್ರಾಕೆಟ್ ಬದಲಿ ಮಾಡಿದ್ರ ಶ್ರುತಿ ಬದಲಾಗ್ತೈತೇನ್ರಿ?

ಶ್ರುತಿಪೆಟ್ಟಿಗೆ
ಅದೇ ವೇಗಕ್ಕೆ ಶ್ರುತಿ ಏರುತ್ತೆ. 14ರಿಂದ 13ಕ್ಕೆ 1.077, ಅರ್ಧ ಸ್ವರಕ್ಕಿಂತ ಸ್ವಲ್ಪ ಜಾಸ್ತಿ. ಆದ್ರೆ ಗೇರ್ ಬದಲಾಯಿಸುವಾಗಿನ ಪ-ಸ ಹಾಗೇ ಇರುತ್ತೆ, ಅದು ಗೇರ್‌ಬಾಕ್ಸಿನ ಸ್ವತ್ತು.

ಯೆಜ್ಡಿ_ಮಾಮ
ಇಲಿಗೆ ಏನು ಮಾಡ್ದೆ ಹೇಳ್ಲಿಲ್ಲ. ನಾವು ನುಸಿಗುಳಿಗೆ ಬಟ್ಟೇಲಿ ಕಟ್ಟಿ ಸೀಟ್ ಕೆಳಗೆ ಇಡ್ತಿದ್ವಿ.

ಹಾಸನದ_ಹುಡ್ಗ
ನುಸಿಗುಳಿಗೆ ಇಟ್ಟಿದ್ದೀನಿ ಮಾಮ. ವೈರೂ ಕಟ್ಟಿಸ್ದೆ, ನಿನ್ನೆ ಸಂಜೆ ಮೀಟರ್ ಬಂತು. ರಾತ್ರಿ ಇಲಿ ಮತ್ತೆ ಬಂದಿತ್ತು. ಈ ಸಲ ಹಾರ್ನ್ ವೈರು.